ಕಲ್ಲಿನ ಸಂದಿಯಲ್ಲಿ ಬಂದವರು

ಮಗಾ, ನಿನ್ನ ಉಪ್ಪುನೀರಿನ ಅಕ್ವೇರಿಯಂ ತೊಟ್ಟಿಯದೆಂದು ನೀನು ನಡುರಾತ್ರಿ ಕಳಿಸಿದ ಫೋಟೋ ನೋಡಿದೆ. ಕಿತ್ತಳೆ ಗುಲಾಬಿ ಮೈ, ಎರಡೂ ಪಕ್ಕ ಬಿಳಿ ಮುಳ್ಳಿನ ಸಾಲು, ಅರ್ಧ ದೇಹ ಕಲ್ಲಿನ ತೂತಿನಲ್ಲಿ, ಅರ್ಧ ಹೊರಗೆ. ಕೆಳಗೆ ನಿನ್ನ ಪ್ರಶ್ನೆ: "ದೊಡ್ಡಮ್ಮಾ, ಇದನ್ನ ಕೊಲ್ಲಲಾ?" ಇದೇನು ಅಂತ ನೀನು ಕೇಳಲಿಲ್ಲ. ಕೊಲ್ಲಲಾ ಅಂತ ಕೇಳಿದೆ. ಅಹಮದಾಬಾದಿನಲ್ಲಿರುವ ನಿನ್ನ ಗೆಳೆಯರೂ ಹೊಸ ಕಲ್ಲು ತಂದ ವಾರ ಇದನ್ನೇ ಕೇಳುತ್ತಾರೆ. ಫೋನಿನಲ್ಲಿ ಒಂದು ಮಾತು ಹೇಳಿ ಮುಗಿಸಬಹುದಿತ್ತು. ಆದರೆ ಬರುವ ವಾರ ಇನ್ನೊಂದು ಪ್ರಾಣಿ ಹೊರಗೆ ಬರುತ್ತದೆ, ಅದರ ಮುಂದಿನ ವಾರ ಮತ್ತೊಂದು. ಹಾಗಾಗಿ ಕೂತು ಬರೆಯುತ್ತಿದ್ದೇನೆ.

ಕೊಲ್ಲಬೇಡ. ಅದು ಬ್ರಿಸಲ್ ವರ್ಮ್, ಮುಳ್ಳುಹುಳು. ಮೀನು ತಿಂದು ಬಿಟ್ಟದ್ದು, ಸತ್ತ ಬಸವನಹುಳು, ಮರಳಿನಲ್ಲಿ ಕೂತ ಕೊಳೆ, ಇವೇ ಅದರ ಊಟ. ಜೀವಂತ ಹವಳದ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಸತ್ತ ಮೀನಿನ ಮೇಲೆ ಹತ್ತಾರು ಹುಳುಗಳನ್ನು ಕಂಡು ಇವೇ ಕೊಂದವು ಎನ್ನುವವರಿದ್ದಾರೆ. ಮೀನು ಸತ್ತ ಮೇಲೆ ಬಂದವರು ಅವರು. ಬರಿಗೈಯಲ್ಲಿ ಮಾತ್ರ ಮುಟ್ಟಬೇಡ. ಆ ಮುಳ್ಳು ಗಾಜಿನ ಎಳೆಯಷ್ಟು ಸಣ್ಣ, ಚರ್ಮದೊಳಗೆ ಮುರಿದು ಉಳಿದರೆ ಉರಿ, ತುರಿಕೆ, ಕೆಂಪು ಬಾವು. ಚುಚ್ಚಿಸಿಕೊಂಡರೆ ಉಜ್ಜಬೇಡ, ಅಂಟುವ ಟೇಪು ಒತ್ತಿ ಮೇಲಕ್ಕೆ ಎಳೆ, ಬಹುಪಾಲು ಬರುತ್ತವೆ. ಹುಳುಗಳು ಬಹಳ ಹೆಚ್ಚಿದವು ಅನ್ನಿಸಿದರೆ ಹುಳು ಹಿಡಿಯುವುದಕ್ಕಿಂತ ಮೊದಲು ನೀನು ಹಾಕುವ ಆಹಾರ ಕಡಿಮೆ ಮಾಡು. ಅವು ಎಷ್ಟಿವೆ ಎನ್ನುವುದು ನಿನ್ನ ಕೈ ಎಷ್ಟು ಧಾರಾಳ ಎನ್ನುವುದರ ಲೆಕ್ಕ.

ಇವೆಲ್ಲ ಬಂದದ್ದು ಎಲ್ಲಿಂದ ಎಂದು ಯೋಚಿಸಿದ್ದೀಯಾ? ನೀನಿರುವ ಸೂರತ್ತಿನಿಂದ ಡುಮಸ್ ಕಡಲತೀರ ಹತ್ತಿರವೇ, ಆದರೆ ಅಲ್ಲಿ ಹವಳ ಬೆಳೆಯುವುದಿಲ್ಲ. ಖಂಭಾತ್ ಕೊಲ್ಲಿಯ ಭರತ ಇಳಿತ ದೇಶದಲ್ಲೇ ಅತಿ ಹೆಚ್ಚಿನದು. ನರ್ಮದೆ, ತಾಪಿ, ಮಹಿ, ಸಾಬರಮತಿ ತಂದು ಸುರಿಯುವ ಹೂಳನ್ನು ಅದು ದಿನಕ್ಕೆ ಎರಡು ಸಲ ಕಲಕುತ್ತದೆ. ಆ ಕೆಸರುನೀರಿನಲ್ಲಿ ಬೆಳಕು ತಳ ಮುಟ್ಟದು. ವಡೋದರಾ, ಅಹಮದಾಬಾದ್‌ಗಳಿಗೆ ಅಷ್ಟು ಹತ್ತಿರದ ಕಡಲೂ ಇಲ್ಲ. ಆದ್ದರಿಂದ ಇಲ್ಲಿನ ಹುಡುಗರು ಕಡಲನ್ನು ಮನೆಯಲ್ಲೇ ಕಲಸುತ್ತಾರೆ: ಆರ್‌ಓ ನೀರು, ಡಬ್ಬಿಯ ಸಮುದ್ರದ ಉಪ್ಪು, ಲೀಟರಿಗೆ ಸುಮಾರು 35 ಗ್ರಾಂ, ಸಾಂದ್ರತೆ 1.025. (ದೇಶದ ಉಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಗುಜರಾತಿನದೇ, ಆದರೂ ಅಡುಗೆಮನೆಯ ಉಪ್ಪು ಈ ಕೆಲಸಕ್ಕೆ ಬಾರದು. ಅದರಲ್ಲಿ ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಷಿಯಂ ಉಳಿದಿರುವುದಿಲ್ಲ.) ನೀರು ನಿನ್ನದು, ಗಾಜು ನಿನ್ನದು. ಜೀವ ಮಾತ್ರ ಹೊರಗಿನಿಂದ ಬಂದದ್ದು. ಇಂಡೋನೇಷ್ಯಾದ ಯಾವುದೋ ಹವಳದಿಬ್ಬದ ತುಂಡು ವಿಮಾನದಲ್ಲಿ ಮುಂಬೈಗೆ, ಅಲ್ಲಿಂದ ಥರ್ಮಾಕೋಲ್ ಡಬ್ಬಿಯಲ್ಲಿ ನಿನ್ನ ಅಡಾಜಣ್ ಮನೆಗೆ. ಲೈವ್ ರಾಕ್ ಎಂದು ನೀನು ದುಡ್ಡು ಕೊಟ್ಟದ್ದೇ ಅದರೊಳಗಿನ ಬ್ಯಾಕ್ಟೀರಿಯಾಕ್ಕೆ. ಅಮೋನಿಯಾವನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ನೈಟ್ರೇಟ್ ಮಾಡುವವು ಅವು. ಬ್ಯಾಕ್ಟೀರಿಯಾ ಉಳಿಯುವಷ್ಟು ತೂತುಗಳಿರುವ ಕಲ್ಲಿನಲ್ಲಿ ಹುಳು, ಏಡಿ, ಸೀಗಡಿಗಳೂ ಉಳಿದು ಬರುತ್ತವೆ. ಒಣ ಕಲ್ಲು ಕೊಂಡರೆ ಪಾರಾದೆ ಅಂದುಕೊಳ್ಳಬೇಡ, ಹವಳದ ಸಣ್ಣ ತುಂಡು ಅಂಟಿಸಿರುವ ಬಿಲ್ಲೆಯ ಅಡಿಯಲ್ಲಿಯೂ ಅರ್ಧ ಸಂಸಾರ ಇರುತ್ತದೆ.

ಗುರುತು ಹಿಡಿಯುವ ವಿದ್ಯೆ ಇಲ್ಲಿ ಹೊಸದಲ್ಲ. ನಾನಿರುವ ಈ ವಡೋದರಾವನ್ನು ಆಳಿದ ಸಯಾಜಿರಾವ್ ಗಾಯಕವಾಡರ ಕಾಲದಲ್ಲಿ, ಸೌರಾಷ್ಟ್ರದ ತುದಿಯ ಓಖಾಮಂಡಲ ಬರೋಡಾ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ಕಡಲಜೀವಿಗಳ ಬಗ್ಗೆ ಜೇಮ್ಸ್ ಹಾರ್ನೆಲ್ ಎಂಬ ವಿಜ್ಞಾನಿ ಬರೋಡಾ ಸರ್ಕಾರಕ್ಕೆ ಒಪ್ಪಿಸಿದ ವರದಿಯ ಮೊದಲ ಭಾಗ ಅಚ್ಚಾದದ್ದು 1909ರಲ್ಲಿ, ಎರಡನೆಯದು 1916ರಲ್ಲಿ. ಕಡಲ ಬಗ್ಗೆ ಆತ ಬಲ್ಲವನೇ. ಆದರೂ ತಾನು ಹೆಕ್ಕಿದ ಸ್ಪಂಜುಗಳನ್ನು ಸ್ಪಂಜು ಬಲ್ಲ ಆರ್ಥರ್ ಡೆಂಡಿಗೆ ಒಪ್ಪಿಸಿದ. ಒಂದೊಂದು ಗುಂಪಿಗೆ ಒಬ್ಬೊಬ್ಬ ಬಲ್ಲವನನ್ನು ಹುಡುಕಿದ ಕೆಲಸ ಅದು. ನೀನು ಮಬ್ಬು ಬೆಳಕಿನಲ್ಲಿ ತೆಗೆದ ಒಂದು ಫೋಟೋ ನೋಡಿ ಎರಡು ನಿಮಿಷದಲ್ಲಿ ಹೆಸರು ಹೇಳುವವರು ಸಿಕ್ಕರೆ, ಅವರ ಮಾತನ್ನು ಕೇಳು, ಆದರೆ ಆ ರಾತ್ರಿಯೇ ಚಿಮಟ ಕೈಗೆತ್ತಿಕೊಳ್ಳಬೇಡ.

ಹೆಸರು ಸಿಗದಿದ್ದರೂ ನಡತೆ ಸಿಗುತ್ತದೆ. ನಾನು ಶಾಲೆಯಲ್ಲಿ ಮಕ್ಕಳಿಗೆ ಪ್ರಾಣಿಶಾಸ್ತ್ರ ಕಲಿಸುವಾಗಲೂ ಇದನ್ನೇ ಹೇಳುತ್ತಿದ್ದೆ. ಅಂಟಿಕೊಂಡಿದೆಯೋ, ಓಡಾಡುತ್ತದೋ? ಹಗಲೋ, ರಾತ್ರಿಯೋ? ಬಾಯಿಗೆ ಏನು ಹಾಕಿಕೊಳ್ಳುತ್ತದೆ? ಅದು ಬಂದ ಮೇಲೆ ತೊಟ್ಟಿಯಲ್ಲಿ ಏನು ಕಾಣೆಯಾಯಿತು? ಈ ಕೊನೆಯ ಪ್ರಶ್ನೆ ಬಹಳ ಮುಖ್ಯ, ಮತ್ತು ಬಹಳ ಜನ ಕೇಳಿಕೊಳ್ಳದ ಪ್ರಶ್ನೆ. ಏನೂ ಕಾಣೆಯಾಗಿಲ್ಲ, ಹವಳ ಬಾಯಿ ಬಿಟ್ಟು ಅರಳಿಕೊಂಡಿದೆ ಅಂದರೆ ಅವಸರ ಯಾರಿಗೆ? ದೀಪ ಆರಿಸಿ ಒಂದೆರಡು ಗಂಟೆ ಬಿಟ್ಟು, ಟಾರ್ಚಿನ ಬಾಯಿಗೆ ಕೆಂಪು ಜಿಲೆಟಿನ್ ಕಾಗದ ಕಟ್ಟಿ ನೋಡು. ಕೆಂಪು ಬೆಳಕನ್ನು ಈ ಪ್ರಾಣಿಗಳಲ್ಲಿ ಹೆಚ್ಚಿನವು ಲೆಕ್ಕಕ್ಕಿಡುವುದಿಲ್ಲ. ತಮ್ಮ ಪಾಡಿಗೆ ಓಡಾಡುತ್ತವೆ. ಫೋಟೋ ತೆಗೆದರೆ ಪಕ್ಕದಲ್ಲಿ ಅಳತೆ ತಿಳಿಯುವ ಏನಾದರೂ ಇರಲಿ. ನೀನು ಕಳಿಸಿದ ಚಿತ್ರದಲ್ಲಿ ಆ ಹುಳು ಬೆರಳುದ್ದವೋ ಮೊಳದುದ್ದವೋ ತಿಳಿಯುವುದಿಲ್ಲ. ಒಂದು ನೋಟ್‌ಬುಕ್ ಇಡು. ತಾರೀಖು, ಹೊತ್ತು, ಎಲ್ಲಿ ಕಂಡಿತು, ಏನು ಮಾಡುತ್ತಿತ್ತು, ಇಷ್ಟು ಸಾಕು.

ಹೊಸ ಕಲ್ಲು ನೇರವಾಗಿ ದೊಡ್ಡ ತೊಟ್ಟಿಗೆ ಇಳಿಸುವ ಅಭ್ಯಾಸ ಮೊದಲು ಬಿಡು. ಒಂದು ಟಬ್ಬು, ಉಪ್ಪುನೀರು, ಹೀಟರ್, ನೀರು ತಿರುಗಿಸುವ ಸಣ್ಣ ಪಂಪು. ಕೆಲವು ವಾರ ಅಲ್ಲೇ ಇರಲಿ. ತಳದಲ್ಲಿ ಬಿಳಿ ತಟ್ಟೆ ಇಟ್ಟರೆ ಬಿದ್ದದ್ದು ಕಾಣುತ್ತದೆ. ಹವಳವಿಲ್ಲದ ಕಲ್ಲಾದರೆ ಹೆಚ್ಚು ಉಪ್ಪು ಬೆರೆಸಿದ ನೀರಿನಲ್ಲಿ ಕೆಲವೇ ನಿಮಿಷ ಅದ್ದಿದರೂ ಏಡಿ, ಸೀಗಡಿಗಳು ತೂತು ಬಿಟ್ಟು ಹೊರಕ್ಕೆ ಓಡಿ ಬರುತ್ತವೆ. ಕೊಂದು ಗುರುತಿಸುವುದಕ್ಕಿಂತ ಹೊರಗೆ ಕರೆದು ಗುರುತಿಸುವುದು ಸುಲಭ.

ಗಾಬರಿ ಹುಟ್ಟಿಸುವ ನಿರಪರಾಧಿಗಳು ಬಹಳ. ಗಾಜಿನ ಮೇಲೆ ಸಾಸಿವೆಯಷ್ಟು ದೊಡ್ಡ ಬಿಳಿ ಸುರುಳಿಗಳು ಕಂಡರೆ ಅವು ಸ್ಪೈರಾರ್ಬಿಡ್ ಹುಳುಗಳು, ನೀರು ಸೋಸಿ ಬದುಕುವವು. ಚಿಗಟದಂತೆ ಪಕ್ಕಕ್ಕೆ ಬಾಗಿ ಓಡುವ ಬೂದು ಜೀವಿ ಆಂಫಿಪಾಡ್. ಧೂಳಿನ ಕಣದಂತೆ ಗಾಜಿನಲ್ಲಿ ಜಿಗಿಯುವುದು ಕೋಪಿಪಾಡ್. ಇವಿಲ್ಲದ ತೊಟ್ಟಿಯಲ್ಲಿ ಮ್ಯಾಂಡರಿನ್ ಮೀನು ಹಸಿದು ಸಾಯುತ್ತದೆ. ಕಲ್ಲಿನ ಸಂದಿಯಿಂದ ಬರಿಯ ತೆಳ್ಳನೆ ಕೈಗಳು ಆಡುತ್ತಿದ್ದರೆ ಅದು ಪುಟ್ಟ ಬ್ರಿಟಲ್ ಸ್ಟಾರ್, ಒಳ್ಳೆಯ ಝಾಡಮಾಲಿ. ಚಪ್ಪಟೆ ಚಿಪ್ಪು ಹೊತ್ತು ರಾತ್ರಿ ವೇಗವಾಗಿ ಜಾರುವ ಸ್ಟೊಮಟೆಲ್ಲಾ ಬಂದರೆ ಪುಣ್ಯ ಅಂದುಕೋ, ಪಾಚಿ ತಿನ್ನುವುದರಲ್ಲಿ ಅದು ಗಟ್ಟಿ.

ಆಸ್ಟರೀನಾ ಎಂಬ ಉಗುರಿನಷ್ಟು ಕಡಲನಕ್ಷತ್ರದ ಬಗ್ಗೆ ಮಾತ್ರ ಒಂದೇ ಮಾತಿನಲ್ಲಿ ತೀರ್ಪು ಹೇಳಲಾರೆ. ಎರಡು ಕೈ ಉದ್ದ, ಮೂರು ಕೈ ಮೋಟು, ನೋಡಿದರೆ ಯಾರೋ ಕಚ್ಚಿದ ಹಾಗೆ. ಕಚ್ಚಿದ್ದಲ್ಲ, ಅದು ತನ್ನನ್ನು ತಾನೇ ಎರಡು ಮಾಡಿಕೊಂಡು ಹೆಚ್ಚುವ ಪ್ರಾಣಿ, ಹೊಸ ಕೈ ಇನ್ನೂ ಬೆಳೆಯುತ್ತಿರುತ್ತದೆ. ಹೆಚ್ಚಿನವು ಗಾಜಿನ ಪಾಚಿ ನೆಕ್ಕಿ ಸುಮ್ಮನಿರುತ್ತವೆ. ಕೆಲವು ಝೋವಾಂಥಿಡ್ ಎಂಬ ಹೂವಿನಂಥ ಜೀವಿಗಳ ಮೇಲೆ ಹತ್ತಿ ಕೂರುತ್ತವೆ, ಕೂತಲ್ಲಿ ಹೂವು ಮುಚ್ಚಿಕೊಳ್ಳುತ್ತದೆ, ಆಮೇಲೆ ಕರಗುತ್ತದೆ. ನೋಡಲು ಎರಡೂ ಒಂದೇ. ನಡತೆ ನೋಡಿಯೇ ತಿಳಿಯಬೇಕು ಅಂತ ನಾನು ಹೇಳುವುದು ಇದಕ್ಕೇ.

ಇನ್ನು ನಿಜವಾದ ತಂಟೆಕೋರ, ಐಪ್ಟೇಶಿಯಾ. ಕಂದು ಬಣ್ಣದ, ಗಾಜಿನಂತೆ ಪಾರದರ್ಶಕವಾದ ಪುಟ್ಟ ಕಡಲಹೂ. ಉದ್ದ ಕಾಂಡ, ಮೇಲೆ ಚೂಪು ತುದಿಯ ಎಸಳುಗಳು. ಮುಟ್ಟಿದೆಯೋ, ಮಿಂಚಿನಂತೆ ತೂತಿನೊಳಗೆ. ಹೊಸಬರಿಗೆ ಇದು ಚಂದ ಕಾಣುತ್ತದೆ, ಉಚಿತವಾಗಿ ಹೂ ಬಂತು ಎಂದು ಅದಕ್ಕೆ ಸೀಗಡಿ ತಿನ್ನಿಸಿದವರೂ ಇದ್ದಾರೆ. ಪಕ್ಕದ ಹವಳವನ್ನು ಅದು ಕುಟುಕಿ ಸುಡುತ್ತದೆ. ಕಿತ್ತು ಹಾಕುತ್ತೇನೆಂದು ಉಗುರಿನಲ್ಲಿ ಕೆರೆದರೆ ಕೆಟ್ಟೆ: ಬುಡದ ಚೂರೊಂದು ಕಲ್ಲಿನಲ್ಲಿ ಉಳಿದರೆ ಅದೇ ಇನ್ನೊಂದು ಐಪ್ಟೇಶಿಯಾ ಆಗುತ್ತದೆ. ಒಂದನ್ನು ಕೆರೆದವನಿಗೆ ತಿಂಗಳಲ್ಲಿ ಆರು ಸಿಗುತ್ತವೆ. ಇಷ್ಟು ಗಟ್ಟಿ ಜೀವವಾದ್ದರಿಂದಲೇ, ಹವಳಕ್ಕೂ ಅದರೊಳಗಿನ ಪಾಚಿಗೂ ಇರುವ ನಂಟನ್ನು ಅಭ್ಯಾಸ ಮಾಡುವ ವಿಜ್ಞಾನಿಗಳು ಇದನ್ನು ಪ್ರಯೋಗಾಲಯಗಳಲ್ಲಿ ಅಕ್ಕರೆಯಿಂದ ಸಾಕುತ್ತಾರೆ. 2015ರಲ್ಲಿ ಇದರ ಇಡೀ ಜೀನೋಮ್ ಓದಿ ಪ್ರಕಟಿಸಿದರು. ನಿನ್ನ ತೊಟ್ಟಿಯ ಶತ್ರು, ಅವರ ಮೇಜಿನ ಮೇಲೆ ಗುರು.

ಇದಕ್ಕೆ ಮದ್ದು ಸುಣ್ಣ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಆರ್‌ಓ ನೀರಿನಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸು, ಪಂಪು ನಿಲ್ಲಿಸು, ಸೂಜಿ ತೆಗೆದ ಸಿರಿಂಜಿನಿಂದ ಅದರ ಬಾಯಿಯ ಮೇಲೆ ನಿಧಾನವಾಗಿ ಸುರಿ. ಅದು ಒಳಸರಿಯುವಾಗ ಸುಣ್ಣವನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ತೂತಿನ ಬಾಯಿ ಮುಚ್ಚುವವರೆಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಪಂಪು ಶುರು ಮಾಡು. ಒಂದೇ ದಿನ ಎಲ್ಲವನ್ನೂ ಮುಗಿಸಲು ಹೋಗಬೇಡ, ನೀರಿನ ಪಿಎಚ್ ಹಾರಿಬಿಡುತ್ತದೆ, ಮೀನು ಒದ್ದಾಡುತ್ತದೆ. ಪಾನ್ ಅಂಗಡಿಯ ಸುಣ್ಣದ ಡಬ್ಬಿ ಬೇಡ, ಅದರಲ್ಲಿ ಇನ್ನೇನು ಬೆರೆತಿದೆ ಎಂದು ಅಂಗಡಿಯವನಿಗೂ ಗೊತ್ತಿರುವುದಿಲ್ಲ. ಸುಣ್ಣ ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು, ಕನ್ನಡಕ ಹಾಕಿಕೋ. ಐಪ್ಟೇಶಿಯಾ ಬಿಟ್ಟು ಬೇರೇನೂ ತಿನ್ನದ ಬರ್ಗಿಯಾ ಎಂಬ ಚಿಪ್ಪಿಲ್ಲದ ಕಡಲಬಸವನಹುಳು ಇದೆ, ಸಿಕ್ಕರೆ ಸುಣ್ಣಕ್ಕಿಂತ ಅದು ಒಳ್ಳೆಯದು. ಐಪ್ಟೇಶಿಯಾ ಮುಗಿದ ಮೇಲೆ ಅದೂ ಹಸಿದು ಸಾಯುತ್ತದೆ, ಆದ್ದರಿಂದ ಮುಗಿದ ಕೂಡಲೇ ಬೇಕಾದವರಿಗೆ ದಾಟಿಸು.

ಕಲ್ಲಿಗೆ ಗಟ್ಟಿಯಾಗಿ ಅಂಟಿದ, ಬಲೆಯಂಥ ಲೋಳೆ ಎಳೆ ಬಿಡುವ ಕೊಳವೆ ಕಂಡರೆ ವರ್ಮೆಟಿಡ್ ಬಸವನಹುಳು. ಆ ಎಳೆ ಹವಳಕ್ಕೆ ತಾಗಿ ಕಿರಿಕಿರಿ. ಕೊಳವೆ ಮುರಿದು ಬಾಯಿಗೆ ಒಂದು ಹನಿ ಫೆವಿಕ್ವಿಕ್‌ನಂಥ ಅಂಟು ಹಾಕಿದರೆ ಮುಗಿಯಿತು. ಇದಕ್ಕಿಂತ ಹೆಚ್ಚು ಇದರ ಬಗ್ಗೆ ಹೇಳುವುದಕ್ಕಿಲ್ಲ.

ರಾತ್ರಿ ತೊಟ್ಟಿಯಿಂದ ಟಕ್ ಟಕ್ ಸದ್ದು ಬಂದರೆ ಗಾಜು ಒಡೆಯಿತೆಂದು ಏಳಬೇಡ. ಪಿಸ್ಟಲ್ ಶ್ರಿಂಪ್ ಇರಬಹುದು. ಅದರ ಒಂದು ಕೊಂಡಿ ಮೈಗೆ ಮೀರಿದಷ್ಟು ದಪ್ಪ. ಅದನ್ನು ಮುಚ್ಚುವ ವೇಗಕ್ಕೆ ನೀರಿನಲ್ಲಿ ಗುಳ್ಳೆಯೊಂದು ಹುಟ್ಟಿ ಕುಸಿಯುತ್ತದೆ. ಸದ್ದು ಕೊಂಡಿಯದಲ್ಲ, ಆ ಗುಳ್ಳೆಯದು ಎಂದು 2000ರಲ್ಲಿ ತೋರಿಸಿಕೊಟ್ಟರು. ಸದ್ದಿನ ಪ್ರಾಣಿ, ಆದರೆ ಹೆಚ್ಚಿನ ಅಪಾಯವಿಲ್ಲ. ಗೋಬಿ ಮೀನಿನ ಜೊತೆ ಒಂದೇ ಬಿಲದಲ್ಲಿ ಸಂಸಾರ ಮಾಡುವವೂ ಈ ಜಾತಿಯಲ್ಲಿವೆ. ಸದ್ದಿನ ಜೊತೆ ಏಡಿ, ಬಸವನಹುಳು ಮಾಯವಾಗಿ ಬೆಳಗ್ಗೆ ಚಿಪ್ಪಿನ ಚೂರು ಸಿಕ್ಕರೆ ಬೇರೆ ಮಾತು. ಆಗ ಮ್ಯಾಂಟಿಸ್ ಶ್ರಿಂಪ್ ಎಂದು ಅನುಮಾನಿಸು. ಕಡ್ಡಿಯ ತುದಿಯಲ್ಲಿಟ್ಟಂತೆ ತಿರುಗುವ ಎರಡು ಕಣ್ಣು ತೂತಿನಿಂದ ನಿನ್ನನ್ನೇ ನೋಡುತ್ತವೆ. ನಮ್ಮ ಮಂಗಳೂರು, ಕಾರವಾರ ಕಡೆ ಟ್ರಾಲ್ ಬಲೆಯಲ್ಲಿ ರಾಶಿ ರಾಶಿ ಬಂದು, ಯಾರೂ ತಿನ್ನದೆ, ಒಣಗಿಸಿ ಮೀನುಹಿಟ್ಟಿಗೆ ಹೋಗುವುದು ಇದರದೇ ಕುಲದ್ದು. ಅವು ಈಟಿಯಂತೆ ಚುಚ್ಚುವ ಜಾತಿ. ಕಲ್ಲಿನಲ್ಲಿ ಬರುವುದು ಹೆಚ್ಚಾಗಿ ಗುದ್ದುವ ಜಾತಿ. ಆ ಗುದ್ದಿನ ವೇಗವನ್ನು 2004ರಲ್ಲಿ ಶೀಲಾ ಪಾಟೆಕ್ ತಂಡ ಅಳೆದಾಗ ಸೆಕೆಂಡಿಗೆ 23 ಮೀಟರ್‌ವರೆಗೆ ಬಂತು. ಬೆರಳು ಹಾಕಬೇಡ. ಅದಿರುವ ಕಲ್ಲನ್ನು ಪತ್ತೆಹಚ್ಚಿ, ಆ ಕಲ್ಲನ್ನೇ ಬಕೆಟ್ಟಿಗೆ ಎತ್ತು.

ಏಡಿ ಕಂಡರೆ ಕೊಂಡಿಯ ತುದಿ ನೋಡು. ಚಮಚದಂತೆ ತಗ್ಗಿದ್ದರೆ ಪಾಚಿ ಕೆರೆಯುವವನು. ಚೂಪಾಗಿ, ಕಪ್ಪಾಗಿ, ಮೈತುಂಬ ಕೂದಲಿದ್ದರೆ ಮಾಂಸದ ಮೇಲೆ ಆಸೆ ಇರುವವನು. ಚಿಕ್ಕವನಿರುವಾಗಲೇ ಬೇರೆ ಮಾಡು. ಕವಲು ಹವಳದ ನಡುವೆ ನುಣುಪು ಮೈಯ ಪುಟ್ಟ ಏಡಿ ಕೂತಿದ್ದರೆ ಮಾತ್ರ ಕೈ ಹಚ್ಚಬೇಡ. ಅದು ಟ್ರಪೀಜಿಯಾ, ಆ ಹವಳದ ಕಾವಲುಗಾರ. ಹವಳ ತಿನ್ನಲು ಬರುವ ಮುಳ್ಳಿನ ಕಡಲನಕ್ಷತ್ರವನ್ನು ಚಿವುಟಿ ಓಡಿಸುವಷ್ಟು ಧೈರ್ಯ ಅದಕ್ಕಿದೆ. ಒಳ್ಳೆಯ ಹವಳ ಕೊಂಡು, ಏಡಿ ಇದೆಯೆಂದು ಹಿಡಿದು ಬಿಸಾಡಿ, ಆಮೇಲೆ ಹವಳ ಸೊರಗಿತೆಂದು ಅಳುವವರನ್ನು ನೋಡಿದ್ದೇನೆ.

ನಿನ್ನ ಮುಳ್ಳುಹುಳುವಿಗೆ ದೂರದ ಒಬ್ಬ ನೆಂಟನಿದ್ದಾನೆ, ಅವನನ್ನು ಬೇರೆ ಗುರುತಿಸಲು ಕಲಿ. ಮೈಯಲ್ಲಿ ಮುಳ್ಳಿನ ಪೊದೆ ಇಲ್ಲ, ಕಾಮನಬಿಲ್ಲಿನ ಹೊಳಪು, ತಲೆಯ ಮೇಲೆ ಐದು ಮೀಸೆ, ಬಾಯಲ್ಲಿ ಕತ್ತರಿಯಂಥ ದವಡೆ. ಯೂನಿಸಿಡ್ ಹುಳುಗಳು ಇವು. ಇವುಗಳಲ್ಲಿ ದೊಡ್ಡದು ಮೂರು ಮೀಟರ್‌ವರೆಗೂ ಬೆಳೆಯುತ್ತದೆ. ಇಂಗ್ಲೆಂಡಿನ ನ್ಯೂಕ್ವೇ ಪಟ್ಟಣದ ಸಾರ್ವಜನಿಕ ಅಕ್ವೇರಿಯಂನಲ್ಲಿ ಹವಳ ರಾತ್ರೋರಾತ್ರಿ ತುಂಡಾಗುತ್ತಿತ್ತು, ಮೀನಿಗೆ ಗಾಯವಾಗುತ್ತಿತ್ತು. ಕಳ್ಳ ಸಿಗಲಿಲ್ಲ. 2009ರಲ್ಲಿ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿದಾಗ ನಾಲ್ಕು ಅಡಿ ಉದ್ದದ ಇಂಥದೊಂದು ಹುಳು ಹೊರಬಂತು. ಬಹುಶಃ ಕಲ್ಲಿನ ಜೊತೆ ಮರಿಯಾಗಿ ಬಂದದ್ದು, ಅಲ್ಲೇ ತಿಂದು ದೊಡ್ಡದಾಗಿತ್ತು. ಸಂಬಳಕ್ಕೆ ನೋಡಿಕೊಳ್ಳುವವರಿದ್ದ ಜಾಗದಲ್ಲೇ ಹೀಗೆ. ಅದನ್ನು ಕೊಲ್ಲಲಿಲ್ಲ, ಬೇರೆ ತೊಟ್ಟಿಯಲ್ಲಿ ಇಟ್ಟರು.

ಈಗ ಗಂಭೀರವಾಗಿ ಕೇಳು, ಇಲ್ಲಿ ತಮಾಷೆ ಇಲ್ಲ. ಕಲ್ಲಿನ ಮೇಲೆ ಚಾಪೆಯಂತೆ ಒತ್ತೊತ್ತಾಗಿ ಬೆಳೆಯುವ ಗುಂಡಿಯಾಕಾರದ ಹೂಗಳು ಝೋವಾಂಥಿಡ್‌ಗಳು. ಸೌರಾಷ್ಟ್ರದ ಕಲ್ಲುತೀರದಲ್ಲಿಯೂ ಧಾರಾಳವಾಗಿ ಇವೆ. ಇವುಗಳಲ್ಲಿ ಕೆಲವಕ್ಕೆ, ಮುಖ್ಯವಾಗಿ ಪ್ಯಾಲಿಥೋವಾ ಎಂಬ ಕಂದು ಬಣ್ಣದವಕ್ಕೆ, ಪ್ಯಾಲಿಟಾಕ್ಸಿನ್ ಎಂಬ ವಿಷವಿದೆ. ಹವಾಯಿಯಲ್ಲಿ 1971ರಲ್ಲಿ ಬೇರ್ಪಡಿಸಿದ ಈ ವಿಷ, ಪ್ರಾಣಿಗಳಲ್ಲಿ ಸಿಗುವ ಅತಿ ಘೋರ ವಿಷಗಳಲ್ಲಿ ಒಂದು. ಯಾವುದರಲ್ಲಿ ಎಷ್ಟಿದೆ ಎಂದು ಬಣ್ಣ ನೋಡಿ ಹೇಳಲಾಗದು. ಬೇಡದ ಹೂ ಬಂದಿದೆ, ಕಲ್ಲನ್ನು ಕುದಿಸಿದರೆ ಸಾಯುತ್ತದೆ ಎಂದು ಪಾತ್ರೆಗೆ ಹಾಕುತ್ತಾರೆ. ವಿಷ ಹಬೆಯ ಜೊತೆ ಅಡುಗೆಮನೆ ತುಂಬುತ್ತದೆ. ಬಿಸಿನೀರು ಸುರಿಯುವುದು, ಒಣಗಿದ ಕಲ್ಲನ್ನು ಬ್ರಶ್ ಹಾಕಿ ತಿಕ್ಕುವುದು, ಡ್ರಿಲ್ ಹಾಕುವುದು, ಎಲ್ಲವೂ ಅಷ್ಟೇ ಕೆಟ್ಟದ್ದು. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಒಂದು ಮನೆಯಲ್ಲಿ ಅಕ್ವೇರಿಯಂ ತೊಳೆದದ್ದಕ್ಕೆ ಇಡೀ ಕುಟುಂಬ ಆಸ್ಪತ್ರೆ ಸೇರಿತು. ಜ್ವರ, ಕೆಮ್ಮು, ಉಸಿರಾಟದ ಕಷ್ಟ. ಮೊದಲಿಗೆ ಫ್ಲೂ ಎಂದುಕೊಂಡಿದ್ದರು. ನಿನ್ನ ಮನೆಯಲ್ಲಿ ಅಜ್ಜಿ ಇದ್ದಾರೆ, ಪುಟ್ಟ ಮಗು ಇದೆ, ಎಸಿ ಹಾಕಿ ಕಿಟಕಿ ಮುಚ್ಚಿದ ಮನೆ. ಆದ್ದರಿಂದ ಆ ಕಲ್ಲನ್ನು ಕುದಿಸುವ ಮಾತೇ ಬೇಡ. ಕೈಗವಸು, ಕಣ್ಣಿಗೆ ಮುಚ್ಚುಗನ್ನಡಕ, ಕಿಟಕಿ ತೆರೆದು, ಕಲ್ಲು ಒದ್ದೆ ಇರುವಾಗಲೇ ಕೆಲಸ. ಆಮೇಲೆ ಮೈ ಕೈ ನೋವು, ಎದೆ ಬಿಗಿತ, ಬಾಯಲ್ಲಿ ಲೋಹದ ರುಚಿ ಬಂದರೆ ಆಸ್ಪತ್ರೆಗೆ ಹೋಗಿ ಅಕ್ವೇರಿಯಂ ಇದೆ, ಹವಳ ಮುಟ್ಟಿದ್ದೆ ಎಂದು ಬಾಯಿಬಿಟ್ಟು ಹೇಳು. ಕೇಳದಿದ್ದರೂ ಹೇಳು.

ಕೈಯಲ್ಲಿ ಗಾಯವಿದ್ದಾಗ ತೊಟ್ಟಿಗೆ ಕೈ ಹಾಕಬೇಡ. ಶಂಕುವಿನಂತೆ ಚೂಪಾದ, ಚಿತ್ತಾರದ ಚಿಪ್ಪಿನ ಕೋನ್ ಶಂಖ ಮರಳಿನಿಂದ ಎದ್ದರೆ ಬರಿಗೈಯಲ್ಲಿ ಎತ್ತಲೇಬೇಡ. ಅದರಲ್ಲಿ ಕೆಲವು ಜಾತಿಯವು ಚುಚ್ಚಿ ಮನುಷ್ಯರೇ ಸತ್ತಿದ್ದಾರೆ.

ಈ ಪ್ರಾಣಿಗಳು ನಿನಗೆ ಸುದ್ದಿಯನ್ನೂ ಕೊಡುತ್ತವೆ, ನೋಡಲು ಬಂದರೆ. 2016ರ ಮೇ 20ರಂದು ಅಹಮದಾಬಾದಿನಲ್ಲಿ 48 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಅಂಥ ಬೇಸಿಗೆಯಲ್ಲಿ ಕರೆಂಟು ಹೋಗಿ ಚಿಲ್ಲರ್, ಪಂಪು ನಿಂತರೆ ನೀರು ಬಿಸಿಯಾಗುತ್ತದೆ, ಬಿಸಿನೀರಿನಲ್ಲಿ ಆಮ್ಲಜನಕ ನಿಲ್ಲುವುದಿಲ್ಲ. ಮೀನು ತೇಕುವುದಕ್ಕೆ ಮೊದಲೇ ಹುಳು, ಬ್ರಿಟಲ್ ಸ್ಟಾರ್‌ಗಳು ಕಲ್ಲು ಬಿಟ್ಟು ನೀರಿನ ಮೇಲ್ಮೈ ಕಡೆ ಹತ್ತತೊಡಗುತ್ತವೆ. ಹಗಲಿನಲ್ಲಿ ಅವು ಮೇಲೆ ಹತ್ತಿದವೆಂದರೆ ನಿನಗೆ ಹೆಚ್ಚು ಹೊತ್ತಿಲ್ಲ. ಬ್ಯಾಟರಿಯ ಏರ್ ಪಂಪು ಹಾಕು.

ಕಲ್ಲು ತುಟ್ಟಿ, ಓಖಾ ಕಡೆ ಹೋದಾಗ ಎರಡು ಕಲ್ಲು ಗಾಡಿಗೆ ಹಾಕಿಕೊಂಡು ಬಂದರಾಯಿತು ಎಂದು ನಿನ್ನ ಗೆಳೆಯ ಅಂದನಂತೆ. ಅವನಿಗೆ ನನ್ನ ಹೆಸರಿನಲ್ಲಿ ಬೈದು ಹೇಳು. ಆ ಕಡೆಯ ಕಚ್ಛ್ ಕೊಲ್ಲಿಯ ಹವಳದಿಬ್ಬಗಳು 1980ರಲ್ಲಿ ಅಭಯಾರಣ್ಯ, 1982ರಲ್ಲಿ ದೇಶದ ಮೊದಲ ಕಡಲ ರಾಷ್ಟ್ರೀಯ ಉದ್ಯಾನವಾದವು. ಕಲ್ಲುಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಯ ಜೊತೆ. ಸತ್ತ ಹವಳದ ತುಂಡು ಇಟ್ಟುಕೊಂಡರೂ ಅಪರಾಧ, ಶಿಕ್ಷೆ ಮೂರರಿಂದ ಏಳು ವರ್ಷ ಜೈಲು. ಹೊರದೇಶದ ಕಲ್ಲುಹವಳಕ್ಕೂ ಅಂತರರಾಷ್ಟ್ರೀಯ ಒಪ್ಪಂದದ ಕಾಗದ ಬೇಕು. ಅಂಗಡಿಯವನ ಬಳಿ ಕಾಗದ ಕೇಳು. ಕೊಡದೆ "ಚಾಲ್ಶೆ ಭಾಯ್" (ನಡೆಯುತ್ತೆ ಬಿಡಿ) ಅಂದರೆ ಕೊಳ್ಳದೆ ಎದ್ದು ಬಾ.

ಕಲಿಯಬೇಕೆಂದಿದ್ದರೆ ಜಾಮ್‌ನಗರ ದಾಟಿ ವಾಡಿನಾರ್ ಹತ್ತಿರದ ನರಾರಾಕ್ಕೆ ಹೋಗು. ಚಳಿಗಾಲದಲ್ಲಿ, ಇಳಿತದ ಹೊತ್ತು ನೋಡಿಕೊಂಡು, ಅರಣ್ಯ ಇಲಾಖೆಯ ಅನುಮತಿ ಪಡೆದು, ದಾರಿ ತೋರಿಸುವವರ ಜೊತೆ. ಮೊಣಕಾಲು ನೀರಿನಲ್ಲಿ ನಡೆಯುತ್ತ ಅಷ್ಟಪಾದಿ, ಉಬ್ಬುಮೀನು, ಕಡಲಹೂ, ಏಡಿ, ಝೋವಾಂಥಿಡ್ ಎಲ್ಲವನ್ನೂ ಅವುಗಳ ಮನೆಯಲ್ಲೇ ನೋಡಬಹುದು. ಯಾವುದು ಯಾರ ಪಕ್ಕ ಇರುತ್ತದೆ, ಯಾರನ್ನು ಕಂಡು ಯಾರು ಅಡಗುತ್ತಾರೆ ಎಂಬುದು ತಿಳಿಯುತ್ತದೆ. ಅಹಮದಾಬಾದಿನ ಸೈನ್ಸ್ ಸಿಟಿಯಲ್ಲಿ 2021ರಲ್ಲಿ ತೆರೆದ ಅಕ್ವೇರಿಯಂನಲ್ಲಿ 68 ತೊಟ್ಟಿ, 28 ಮೀಟರ್ ಶಾರ್ಕ್ ಸುರಂಗ ಇವೆ, ನಿನ್ನ ಸೂರತ್ತಿನ ಪಾಲ್‌ನಲ್ಲಿ ನಗರಪಾಲಿಕೆಯದೇ ಅಕ್ವೇರಿಯಂ ಇದೆ. ಅಲ್ಲಿ ಜನ ಶಾರ್ಕ್ ನೋಡುತ್ತಾರೆ. ನೀನು ತೊಟ್ಟಿಯ ಮೂಲೆಯ ಕಲ್ಲು ನೋಡು. ನರಾರಾದಿಂದ ಮಾತ್ರ ಒಂದು ಚಿಪ್ಪನ್ನೂ ತರಬೇಡ.

ಕೊನೆಗೆ ಒಂದು ಕಷ್ಟದ ವಿಷಯ. ಇದು ಜೀವದಯೆಯ ನಾಡು. ಹಿಡಿದ ಏಡಿಯನ್ನು ಕೊಲ್ಲಲು ನಿನಗೆ ಮನಸ್ಸಿಲ್ಲ, ಪಕ್ಕದ ಮನೆಯ ಅಜ್ಜಿ ಅಂತೂ "ನದಿಗೆ ಬಿಟ್ಟುಬಿಡು ಮಗಾ, ಪುಣ್ಯ ಬರುತ್ತದೆ" ಅನ್ನುತ್ತಾರೆ. ಅವರ ಮನಸ್ಸು ದೊಡ್ಡದು, ಆದರೆ ದಾರಿ ತಪ್ಪು. ಉಪ್ಪುನೀರಿನ ಪ್ರಾಣಿ ತಾಪಿಯ ಸಿಹಿನೀರಿನಲ್ಲಿ ಒದ್ದಾಡಿ ಸಾಯುತ್ತದೆ. ಡುಮಸ್‌ನಲ್ಲಿ ಬಿಟ್ಟರೆ ಸಾಯದೆ ಉಳಿದೀತು, ಅದು ಇನ್ನೂ ಕೆಟ್ಟದ್ದು. 1984ರಲ್ಲಿ ಮೊನಾಕೊದ ಕಡಲ ವಸ್ತುಸಂಗ್ರಹಾಲಯದ ಬುಡದಲ್ಲೇ, ಅಕ್ವೇರಿಯಂ ತೊಟ್ಟಿಗಳಲ್ಲಿ ಬೆಳೆಸುತ್ತಿದ್ದ ಕಾಲರ್ಪಾ ಪಾಚಿಯ ಒಂದು ಸಣ್ಣ ಹಾಸು ಕಂಡಿತು. ಅದು ಮೆಡಿಟರೇನಿಯನ್ ಕಡಲಿನ ದೇಶ ದೇಶಗಳ ತೀರಕ್ಕೆ ಹಬ್ಬಿತು. ಅದೇ ಪಾಚಿ 2000ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಹಿನ್ನೀರಿನಲ್ಲಿ ಕಂಡಾಗ ಟಾರ್ಪಾಲು ಮುಚ್ಚಿ ಕ್ಲೋರಿನ್ ಹಾಕಿ ಕೊಂದರು. ನಿರ್ಮೂಲವಾಯಿತು ಎನ್ನಲು 2006 ಬರಬೇಕಾಯಿತು. ನಮ್ಮ ಕಡಲಿನ ಸಿಂಹಮೀನು ಅಮೆರಿಕದ ಫ್ಲಾರಿಡಾ ತೀರದಲ್ಲಿ 1985ರಲ್ಲಿ ಮೊದಲು ಕಂಡಿತು. ಯಾರೋ ಸಾಕಲಾರದೆ ಬಿಟ್ಟದ್ದು ಎಂದೇ ಹೆಚ್ಚಿನವರ ಅಭಿಪ್ರಾಯ. ಇವತ್ತು ಕೆರಿಬಿಯನ್ ತುಂಬ ಅದು.

ಹಾಗಾದರೆ ಹಿಡಿದ ಏಡಿಯನ್ನು ಏನು ಮಾಡುವುದು? ಅಹಮದಾಬಾದ್, ಸೂರತ್‌ಗಳಲ್ಲಿ ಹಾಲು ಬತ್ತಿದ ಹಸುವಿಗೆ, ರೆಕ್ಕೆ ಮುರಿದ ಪಾರಿವಾಳಕ್ಕೆ ಪಾಂಜರಾಪೋಳ ಇದೆಯಲ್ಲ, ನಿನ್ನ ತೊಟ್ಟಿಯ ಕೆಳಗೆ ನೀರು ಸೋಸುವ ಸಂಪ್ ತೊಟ್ಟಿ ಅದೇ. ಕೂದಲೇಡಿ, ಪಿಸ್ಟಲ್ ಶ್ರಿಂಪ್, ಅನುಮಾನದ ನಕ್ಷತ್ರ, ಎಲ್ಲ ಅಲ್ಲಿ ಉಳಿದ ತಿಂಡಿ ತಿಂದು ಇರಲಿ. ಮ್ಯಾಂಟಿಸ್‌ಗೆ ಮಾತ್ರ ಬೇರೆ ಸಣ್ಣ ತೊಟ್ಟಿ ಮಾಡು. ಅದನ್ನೇ ಆಸೆಯಿಂದ ಸಾಕುವವರಿದ್ದಾರೆ, ಅವರಿಗೆ ಕೊಟ್ಟರೂ ಆಯಿತು. ಬದಲಿಸಿ ತೆಗೆದ ನೀರಿಗೆ, ಕಿತ್ತ ಪಾಚಿಗೆ ಬ್ಲೀಚಿಂಗ್ ಪುಡಿ ಹಾಕಿ ಒಂದು ದಿನ ಬಿಟ್ಟು ಆಮೇಲೆ ಚೆಲ್ಲು. ಆ ಬಕೆಟ್ಟನ್ನು ತೊಟ್ಟಿಯ ಕೆಲಸಕ್ಕೆ ಮತ್ತೆ ಬಳಸಬೇಡ.

ನಿನ್ನ ಹುಳುವನ್ನು ಇನ್ನೊಂದು ಸಲ ನೋಡು, ಈ ಸಲ ಅಳತೆಪಟ್ಟಿಯ ಜೊತೆ. ತಲೆಯ ಚಿತ್ರ ಬೇಕು, ಮೀಸೆ ಎಷ್ಟಿವೆ ಎಂದು ಎಣಿಸುವಷ್ಟು ಹತ್ತಿರದಿಂದ. ಐದಿದ್ದರೆ ಯಾವ ಹೊತ್ತಾದರೂ ಸರಿ, ಫೋನ್ ಮಾಡು.